ಮೊದಲು ಕಿವಿ, ಆಮೇಲೆ ಪೆನ್ನು: ಹೊಸದಾಗಿ ಕವಿತೆ ಬರೆಯುವವರಿಗೆ

ಪ್ರಶ್ನೆ: ನನ್ನ ತವರು ಇಂಡಿ ತಾಲೂಕು. ಮದುವೆಯಾಗಿ ಪಿಂಪ್ರಿಗೆ ಬಂದು ಒಂಬತ್ತು ವರ್ಷವಾಯಿತು. ಶಿವಾಜಿನಗರದ ಒಂದು ಆಫೀಸಿನಲ್ಲಿ ಲೆಕ್ಕಪತ್ರದ ಕೆಲಸ. ಹೊರಗೆ ಇಡೀ ದಿನ ಮರಾಠಿ, ಹಿಂದಿ. ಕನ್ನಡ ಮನೆಯೊಳಗೆ ಮಾತ್ರ, ಅದೂ ನಮ್ಮ ಕಡೆಯ ಆಡುಮಾತು. ಒಂದು ವರ್ಷದಿಂದ ಮೊಬೈಲಿನಲ್ಲಿ ಕವಿತೆ ಬರೆದಿಡುತ್ತಿದ್ದೇನೆ. ಬರೆದ ದಿನ ಚೆಂದ ಅನಿಸುತ್ತದೆ, ವಾರ ಬಿಟ್ಟು ಓದಿದರೆ ಸಿನಿಮಾ ಹಾಡಿನ ಹಾಗೆ, ಬೇರೆ ಯಾರೋ ಬರೆದ ಹಾಗೆ ಕಾಣುತ್ತದೆ. ಛಂದಸ್ಸು ಕಲಿಯಲೇಬೇಕಾ? ಗ್ರಂಥಭಾಷೆ ಬಾರದವರು ಬರೆಯಬಹುದಾ? ಎಲ್ಲಿಂದ ಶುರು ಮಾಡಲಿ? ಒಂದು ಪದ್ಯ ಕಳಿಸಿದ್ದೇನೆ. ಅವ್ವ ಊರಿಂದ ಕಳಿಸಿದ ಶೇಂಗಾಚಟ್ನಿಯ ಡಬ್ಬಿ ಖಾಲಿಯಾಗಿ ಮೂರು ದಿನವಾದರೂ ತೊಳೆಯಲು ಮನಸ್ಸಾಗದೆ, ಮುಚ್ಚಳ ತೆಗೆದು ಮೂಸಿ ಮತ್ತೆ ಮುಚ್ಚಿ ಇಡುತ್ತಿದ್ದೆ. ಆಗ ಬರೆದದ್ದು.

ಓ ನನ್ನ ಮನವೇ ಏಕೆ ನೀ ಅಳುವೆ
ಒಂಟಿತನದ ಕತ್ತಲೆಯಲ್ಲಿ
ಕನಸುಗಳೆಲ್ಲ ಕಮರಿ ಹೋದವು
ಕಣ್ಣೀರ ಸಾಗರದಲ್ಲಿ

ಉತ್ತರ: ಪದ್ಯವನ್ನೂ ಪತ್ರದ ಕೊನೆಯ ಮಾತುಗಳನ್ನೂ ಒಂದಾದ ಮೇಲೊಂದು ಗಟ್ಟಿಯಾಗಿ ಓದಿ. ಪದ್ಯದಲ್ಲಿ ಮನ, ಒಂಟಿತನ, ಕತ್ತಲೆ, ಕನಸು, ಕಣ್ಣೀರು, ಸಾಗರ ಇವೆ. ಇವುಗಳಲ್ಲಿ ಯಾವುದೂ ನಿಮ್ಮ ಮನೆಯಿಂದ ಬಂದದ್ದಲ್ಲ. ಕಮರುವುದು ಬಿಸಿಲಿಗೆ, ಬೆಂಕಿಯ ಝಳಕ್ಕೆ. ಸಾಗರದಲ್ಲಿ ಬಿದ್ದದ್ದು ಕಮರುವುದು ಹೇಗೆ? ಆ ಎರಡು ಪದಗಳನ್ನು ನೀವು ಆರಿಸಿದ್ದಲ್ಲ, ಅವು ಹಿಂದೆ ಎಲ್ಲೋ ಕೇಳಿದ ಹಾಡುಗಳಿಂದ ತಾವಾಗಿ ಬಂದು ಕೂತಿವೆ. ವಾರ ಬಿಟ್ಟು ಓದಿದಾಗ ಬೇರೆಯವರದ್ದು ಅನಿಸುವುದು ಅದಕ್ಕೇ. ಪತ್ರದಲ್ಲಿ ಮಾತ್ರ ಡಬ್ಬಿ ಇದೆ, ಮುಚ್ಚಳ ಇದೆ, ಮೂರು ದಿನ ಇದೆ, ಮೂಸುವುದಿದೆ. ನಿಮ್ಮದೇ ಮಾತನ್ನು ನಿಮ್ಮ ಕಡೆಯ ಕನ್ನಡಕ್ಕೆ ತಂದು, ಸಾಲು ಮುರಿದು ಇಟ್ಟರೆ ಹೀಗಾಗುತ್ತದೆ:

ಶೇಂಗಾಚಟ್ನಿಯ ಡಬ್ಬಿ ಖಾಲಿ.
ತೊಳೀಬೇಕು.
ಮೂರು ದಿನ ಆತು
ಮುಚ್ಚಳಾ ತಗದು ಮೂಸಿ
ಮತ್ತ ಮುಚ್ಚಿ ಇಡಾಕತ್ತೀನಿ.

ಇಲ್ಲಿ ಅಳು ಅನ್ನುವ ಪದವಿಲ್ಲ, ಅವ್ವ ಅನ್ನುವ ಪದವೂ ಇಲ್ಲ. ಆದರೂ ಓದಿದವರಿಗೆ ಗೊತ್ತಾಗುತ್ತದೆ. ಇನ್ನೊಂದನ್ನು ಗಮನಿಸಿ. ಮೂರು, ಮುಚ್ಚಳಾ, ಮೂಸಿ, ಮತ್ತ, ಮುಚ್ಚಿ: ಐದು ಸಲ ‘ಮ’ ಬಂದಿದೆ. ‘ಮ’ ತುಟಿಯಿಂದ ಹುಟ್ಟುವ ಅಕ್ಷರ, ಅದನ್ನು ಹೇಳಬೇಕಾದರೆ ತುಟಿ ಮುಚ್ಚಲೇಬೇಕು. ಡಬ್ಬಿಯನ್ನು ಮುಚ್ಚಿ ಮುಚ್ಚಿ ಇಡುವವಳ ಮಾತಿನಲ್ಲಿ ಬಾಯಿಯೂ ಐದು ಸಲ ಮುಚ್ಚಿಕೊಳ್ಳುತ್ತದೆ. ಇದನ್ನು ಯಾರೂ ಕೂತು ಯೋಜನೆ ಮಾಡಿದ್ದಲ್ಲ, ನಿಮ್ಮ ಪತ್ರದ ವಾಕ್ಯದಲ್ಲೇ ಇತ್ತು. ಕವಿತೆ ಕಲಿಯುವುದೆಂದರೆ ಮುಖ್ಯವಾಗಿ ಇಂಥದ್ದನ್ನು ಕೇಳಿಸಿಕೊಳ್ಳಲು ಕಿವಿಯನ್ನು ಸಿದ್ಧಮಾಡುವುದು. ಭಾವ ನಿಮ್ಮ ಬಳಿ ಸಾಕಷ್ಟಿದೆ, ಕೊರತೆ ಇರುವುದು ಕೇಳಿಸಿಕೊಳ್ಳುವ ಅಭ್ಯಾಸದ್ದು. ಕೆಳಗಿನ ಅಷ್ಟೂ ಸಲಹೆ ಅದೊಂದಕ್ಕಾಗಿ.

ಛಂದಸ್ಸಿನ ಪ್ರಶ್ನೆಯಿಂದಲೇ ತೊಡಗೋಣ. ಛಂದಸ್ಸಿನಲ್ಲಿ ಬರೆಯಲೇಬೇಕೆಂದಿಲ್ಲ, ಆದರೆ ಎಣಿಸಲು ಕಲಿಯಬೇಕು. ಇದಕ್ಕೆ ದಿನಕ್ಕೆ ಇಪ್ಪತ್ತು ನಿಮಿಷದಂತೆ ಮೂರು ವಾರ ಸಾಕು. ಲೆಕ್ಕ ಬಲ್ಲ ನಿಮಗೆ ಇನ್ನೂ ಬೇಗ ಹತ್ತುತ್ತದೆ. ಒಂದು ಹ್ರಸ್ವಾಕ್ಷರ ಹೇಳುವ ಹೊತ್ತು ಒಂದು ಮಾತ್ರೆ, ಅದು ಲಘು. ಎರಡು ಮಾತ್ರೆಯದು ಗುರು. ದೀರ್ಘಾಕ್ಷರ, ಐ ಮತ್ತು ಔ ಸ್ವರವಿರುವ ಅಕ್ಷರ, ಸೊನ್ನೆ ಅಥವಾ ವಿಸರ್ಗ ಇರುವ ಅಕ್ಷರ, ಒತ್ತಕ್ಷರದ ಹಿಂದಿನ ಅಕ್ಷರ, ಅರ್ಧಾಕ್ಷರದಲ್ಲಿ ನಿಲ್ಲುವ ಅಕ್ಷರ, ಇವೆಲ್ಲ ಗುರು. ಉಳಿದದ್ದೆಲ್ಲ ಲಘು. ಸಾಲಿನ ಕೊನೆಯ ಲಘುವನ್ನು ಬೇಕಾದರೆ ಗುರು ಎಂದು ಹಿಡಿಯಬಹುದು. ಹೊಸಬರು ಸಾಮಾನ್ಯವಾಗಿ ತಪ್ಪುವುದು ಒತ್ತಕ್ಷರದಲ್ಲಿ. ‘ಡಬ್ಬಿ’ಯಲ್ಲಿ ಗುರುವಾಗುವುದು ‘ಡ’, ‘ಬ್ಬಿ’ ಅಲ್ಲ. ಡ ಎರಡು, ಬ್ಬಿ ಒಂದು, ಒಟ್ಟು ಮೂರು. ‘ಖಾಲಿ’ಯೂ ಮೂರು. ‘ಮುಚ್ಚಳ’ ನಾಲ್ಕು, ‘ಮುಚ್ಚಳಾ’ ಎಂದು ನಿಮ್ಮ ಕಡೆಯವರ ಹಾಗೆ ಎಳೆದರೆ ಐದು.

ಎಣಿಕೆ ಬಂದ ಮೇಲೆ ನಡೆ. ಮಾತ್ರೆಗಳು ಗುಂಪುಗುಂಪಾಗಿ ಮರಳಿ ಬಂದಾಗ ಸಾಲಿಗೆ ಒಂದು ನಡಿಗೆ ಬರುತ್ತದೆ. ಒಂದೊಂದು ಗುಂಪಿಗೆ ಗಣ ಎನ್ನುತ್ತಾರೆ. ಮಳೆಯಲ್ಲಿ ಬಸ್ಸಿಗೆ ಕಾಯುವುದು ಎಂಬ ಒಂದೇ ಸಂಗತಿಯನ್ನು ನಾಲ್ಕು ನಡೆಯಲ್ಲಿ ಕೇಳಿ.

ಮೂರರ ನಡೆ: ಬಸ್ಸು | ಇಲ್ಲ | ಕೊಡೆಯು | ಇಲ್ಲ
ನಾಲ್ಕರ ನಡೆ: ಬಸ್ಸಿಗೆ | ಕಾದೆನು | ಮಳೆಯಲಿ | ನೆನೆದೆನು
ಐದರ ನಡೆ: ಮಳೆಯಲ್ಲಿ | ನೆನೆಯುತ್ತ | ಬಸ್ಸನ್ನು | ಕಾಯುತ್ತ
ಮೂರು-ನಾಲ್ಕರ ನಡೆ: ಬಸ್ಸು | ಬಾರದು | ಮಳೆಯು | ನಿಲ್ಲದು

ಮೇಜಿನ ಮೇಲೆ ಬೆರಳಿನಿಂದ ತಟ್ಟುತ್ತ ಓದಿ. ಮೂರು ಓಡುತ್ತದೆ, ನಾಲ್ಕು ಸಮನಾಗಿ ಹೆಜ್ಜೆ ಹಾಕುತ್ತದೆ, ಐದು ತೊಟ್ಟಿಲಿನ ಹಾಗೆ ತೂಗುತ್ತದೆ. ಮೂರು-ನಾಲ್ಕು ಸ್ವಲ್ಪ ಮುಂದೆ ಹೋಗಿ ಸ್ವಲ್ಪ ತಡೆದು ಮತ್ತೆ ಹೋಗುತ್ತದೆ, ಕಥೆ ಹೇಳುವವನ ಧಾಟಿ ಅದು. ಶಾಸ್ತ್ರದಲ್ಲಿ ಮೊದಲ ಮೂರು ಕ್ರಮವಾಗಿ ಉತ್ಸಾಹ, ಮಂದಾನಿಲ, ಲಲಿತ ರಗಳೆಗಳ ನಡೆ. ಕೊನೆಯದು ಭಾಮಿನಿ ಷಟ್ಪದಿಯದು. ಕುಮಾರವ್ಯಾಸ ಭಾರತದ ಹತ್ತು ಪರ್ವಗಳನ್ನು ಹೇಳಿದ್ದು ಈ ನಡೆಯಲ್ಲಿ. ಪ್ರತಿಯೊಂದು ನಡೆಯಲ್ಲಿ ಎಂಟೆಂಟು ಸಾಲು ಬರೆಯಿರಿ. ಅರ್ಥ ಮಹತ್ವದ್ದಾಗಿರಬೇಕಿಲ್ಲ, ಅಂಗಡಿಯ ಚೀಟಿಯನ್ನೇ ಬರೆದರೂ ಆದೀತು.

ಇಲ್ಲಿ ಒಂದು ತೊಡಕು ಕಾದಿರುತ್ತದೆ. ಮೇಲಿನ ನಾಲ್ಕೂ ಸಾಲುಗಳಲ್ಲಿ ಪ್ರತಿ ಗಣಕ್ಕೆ ಒಂದು ಪದ ಮುಗಿಯುತ್ತದೆ. ಕಲಿಯಲು ಅದು ಸುಲಭ, ಆದರೆ ಎಂಟು ಸಾಲು ಹೀಗೇ ಹೋದರೆ ಗಾಣದ ಎತ್ತಿನ ಸುತ್ತಾಟವಾಗುತ್ತದೆ. ಪದ ಗಣದ ಗೆರೆ ದಾಟಲಿ. ‘ಬಸ್ಸಿಗೆ ಕಾದಿರುವ ಹುಡುಗಿ ನೆನೆದಳು’ ಎನ್ನಿ. ಎಣಿಸಿದರೆ ‘ಬಸ್ಸಿಗೆ | ಕಾದಿರು | ವ ಹುಡುಗಿ | ನೆನೆದಳು’, ನಾಲ್ಕರ ನಡೆಯೇ. ಆದರೆ ‘ಕಾದಿರುವ’ ಗೆರೆ ದಾಟಿದ್ದರಿಂದ ತಾಳ ಒಳಗೆ ಸರಿದು ಮಾತು ಮುಂದೆ ಬಂತು.

ಇನ್ನೊಂದು ತೊಡಕು, ಲೆಕ್ಕ ತುಂಬಿಸಲು ‘ತಾ’, ‘ತಾನು’, ‘ಸದಾ’, ‘ಬಲು’ ತುರುಕುವುದು. ಅದರ ಬದಲು ಕ್ರಿಯಾಪದದ ರೂಪ ಬದಲಿಸಿ. ಕನ್ನಡದಲ್ಲಿ ಇದಕ್ಕೆ ಇರುವ ಅನುಕೂಲ ದೊಡ್ಡದು. ಬಂತು ಮೂರು ಮಾತ್ರೆ, ಬರ್ತದ ನಾಲ್ಕು, ಬರುತಿದೆ ನಾಲ್ಕು, ಬರುತ್ತದೆ ಐದು, ಬರಾಕತ್ತೈತಿ ಎಂಟು. ಆಡುಮಾತು ಬಲ್ಲವರ ಕೈಯಲ್ಲಿ ಗ್ರಂಥಭಾಷೆ ಮಾತ್ರ ಬಲ್ಲವರಿಗಿಂತ ಹೆಚ್ಚು ಅಳತೆಯ ಕಲ್ಲುಗಳಿರುತ್ತವೆ. ನಿಮ್ಮ ಎರಡನೆಯ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಸಿಕ್ಕಿತು.

ನಿಮಗೆ ವಿಶೇಷವಾಗಿ ಹೇಳಬೇಕಾದದ್ದು ತ್ರಿಪದಿ. ಉತ್ತರ ಕರ್ನಾಟಕದ ಮನೆಗಳಲ್ಲಿ ಬೀಸುವ ಕಲ್ಲಿನ ಮುಂದೆ ಹಾಡುತ್ತ ಬಂದ ಹಾಡು ಅದು, ಸರ್ವಜ್ಞನ ವಚನಗಳೂ ಅದೇ. ನೀವೀಗ ಇರುವ ಪುಣೆಯ ಸುತ್ತಲಿನ ಹಳ್ಳಿಗಳಲ್ಲೂ ಹೆಂಗಸರು ಬೀಸುಕಲ್ಲಿನ ಮುಂದೆ ಓವಿ ಎಂಬ ಮರಾಠಿ ಪದ ಹಾಡಿದ್ದಾರೆ. ಭಾಷೆ ಬೇರೆ, ಕಲ್ಲು ಒಂದೇ. ತ್ರಿಪದಿಗೆ ಮೂರು ಸಾಲು, ಹನ್ನೊಂದು ಗಣ. ಮೂಲದಲ್ಲಿ ಇದು ಅಂಶಗಣದ ಛಂದಸ್ಸು, ಹಾಡುವಾಗ ಗಣ ಹಿಗ್ಗುತ್ತದೆ, ಕುಗ್ಗುತ್ತದೆ. ಕಲಿಯುವಾಗ ಮಾತ್ರೆಗೆ ಇಳಿಸಿಕೊಳ್ಳಿ: ಮೊದಲ ಸಾಲು 5-5-5-5, ಎರಡನೆಯದು 5-3-5-5, ಮೂರನೆಯದು 5-3-5. ಆರನೆಯ ಮತ್ತು ಹತ್ತನೆಯ ಗಣ ಚಿಕ್ಕದು ಎಂದು ನೆನಪಿಟ್ಟರೆ ಸಾಕು. ಖಡಕವಾಸಲಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಮುಠಾ ನದಿಯ ಭಿಡೆ ಪೂಲು (ಸೇತುವೆ) ಮುಳುಗುವುದು ನಿಮಗೆ ಗೊತ್ತಿರುವ ಸಂಗತಿ. ಅದನ್ನೇ ಇಟ್ಟುಕೊಂಡು ಒಂದು ಅಭ್ಯಾಸದ ತ್ರಿಪದಿ:

ಮಳೆಗಾಲ ಬಂದೈತಿ ಹೊಳಿ ತುಂಬಿ ಹರದೈತಿ
ಮುಳುಗೇತಿ ಪೂಲು ನನ ಬಸ್ಸು ನಿಂತೈತಿ
ಗೆಳತೀಯೆ ಛತ್ರಿ ಮರತೇನ

ಮಳೆಗಾಲ ಐದು, ಬಂದೈತಿ ಐದು, ಹೊಳಿ ತುಂಬಿ ಐದು, ಹರದೈತಿ ಐದು. ಮುಳುಗೇತಿ ಐದು, ಪೂಲು ಮೂರು, ನನ ಬಸ್ಸು ಐದು, ನಿಂತೈತಿ ಐದು. ಗೆಳತೀಯೆ ಐದು, ಛತ್ರಿ ಮೂರು, ಮರತೇನ ಐದು. ಹಾಡುವಾಗ ಎರಡನೆಯ ಸಾಲನ್ನು ಪೂರ್ತಿ ಅಥವಾ ಅರ್ಧ ಮರಳಿ ಹೇಳುತ್ತಾರೆ. ಆ ಹೊತ್ತಿನಲ್ಲಿ ಮೂರನೆಯ ಸಾಲು ಹೊಳೆಯುತ್ತದೆ. ಅದು ಚಿಕ್ಕದು, ಆದ್ದರಿಂದ ಮೊದಲೆರಡು ಸಾಲು ಹೊರಗಿನ ಜಗತ್ತನ್ನು ಹೇಳಿ ಮೂರನೆಯದು ಒಬ್ಬ ಮನುಷ್ಯನ ಹತ್ತಿರ ಬರುವುದು ತ್ರಿಪದಿಗೆ ಒಗ್ಗುವ ರೀತಿ. ಇಂಥವು ಹತ್ತು ಬರೆಯಿರಿ. ಅವ್ವನಿಗೆ ಬೀಸುವ ಪದ, ಜೋಗುಳದ ಪದ ನೆನಪಿದ್ದರೆ ಫೋನಿನಲ್ಲಿ ಹಾಡಿಸಿ ರೆಕಾರ್ಡ್ ಮಾಡಿಕೊಳ್ಳಿ. ಮುದ್ರಿತ ಪುಸ್ತಕದಲ್ಲಿ ಕಾಣದ ಎಳೆತ, ನಿಲುಗಡೆ ಅಲ್ಲಿ ಸಿಗುತ್ತವೆ.

ಮೂರೂ ಸಾಲುಗಳ ಎರಡನೆಯ ಅಕ್ಷರ ನೋಡಿ: ಮಳೆ, ಮುಳುಗು, ಗೆಳತಿ. ಎಲ್ಲದರಲ್ಲೂ ‘ಳ’. ಇದು ಆದಿಪ್ರಾಸ, ಕನ್ನಡದ ಹಳೆಯ ಪ್ರಾಸ. ಎರಡನೆಯ ಅಕ್ಷರದ ವ್ಯಂಜನ ಒಂದೇ ಇರಬೇಕು, ಸ್ವರ ಬೇರೆಯಾದರೆ ಅಡ್ಡಿಯಿಲ್ಲ. ಮೊದಲಕ್ಷರ ಒಂದರಲ್ಲಿ ಹ್ರಸ್ವವಾದರೆ ಎಲ್ಲದರಲ್ಲೂ ಹ್ರಸ್ವ. ಸಾಲಿನ ಕೊನೆಯ ಪ್ರಾಸವನ್ನೇ ನಂಬಿದವರು ಇದನ್ನು ಒಮ್ಮೆ ಮಾಡಿ ನೋಡಬೇಕು. ಕನ್ನಡದಲ್ಲಿ ಅಂತ್ಯಪ್ರಾಸ ತೀರ ಅಗ್ಗ. ವಿಭಕ್ತಿ, ಕ್ರಿಯಾಪದದ ಪ್ರತ್ಯಯ ಎಲ್ಲ ಪದದ ಬಾಲಕ್ಕೆ ಅಂಟುವ ಭಾಷೆ ನಮ್ಮದು. ‘ಅಲ್ಲಿ’, ‘ಇಂದ’, ‘ಗಳು’, ‘ತ್ತದೆ’ ತಮ್ಮಷ್ಟಕ್ಕೆ ಹೊಂದಿಕೊಳ್ಳುತ್ತವೆ. ನಿಮ್ಮ ಪದ್ಯದ ‘ಕತ್ತಲೆಯಲ್ಲಿ’ ಮತ್ತು ‘ಸಾಗರದಲ್ಲಿ’ ಪ್ರಾಸದಂತೆ ಕೇಳುತ್ತವೆ, ಆದರೆ ಕೂಡಿದ್ದು ಕತ್ತಲೆಯೂ ಸಾಗರವೂ ಅಲ್ಲ, ಎರಡು ಸಪ್ತಮಿ ವಿಭಕ್ತಿಗಳು. ಅಂತ್ಯಪ್ರಾಸ ಬೇಕೆಂದರೆ ಪ್ರತ್ಯಯ ತೆಗೆದ ಮೇಲೂ ಉಳಿಯುವ ಪದಗಳನ್ನು ಹುಡುಕಿ: ಡಬ್ಬಿಗೆ ತಬ್ಬಿ, ಹೊಳಿಗೆ ಚಳಿ. ಸಿಗದಿದ್ದರೆ ಪ್ರಾಸ ಬಿಡಿ, ಪ್ರಾಸಕ್ಕಾಗಿ ಸುಳ್ಳು ಹೇಳಬೇಡಿ. ಮೂಸಿದ್ದನ್ನು ‘ತಬ್ಬಿ’ ಎಂದು ಬರೆದರೆ ಆ ಐದು ಸಾಲು ಅಲ್ಲೇ ಸತ್ತಂತೆ.

ಇನ್ನು ಭಾಷೆ. ನೀವು ಕೊರತೆ ಎಂದುಕೊಂಡದ್ದೇ ನಿಮ್ಮ ಬಂಡವಾಳ. ಮನೆಮಾತು ಮರಾಠಿಯಾಗಿದ್ದ, ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದ ದ. ರಾ. ಬೇಂದ್ರೆಯವರು ಧಾರವಾಡದ ಆಡುಮಾತನ್ನು ಕಾವ್ಯಕ್ಕೆ ತಂದರು, 1973ರ ಜ್ಞಾನಪೀಠ ಅವರದಾಯಿತು. ಸುತ್ತ ಮರಾಠಿ ಇದ್ದರೆ ಕನ್ನಡ ಕೆಡುತ್ತದೆ ಎಂಬ ಭಯಕ್ಕೆ ಇದಕ್ಕಿಂತ ದೊಡ್ಡ ಸಮಾಧಾನ ಬೇಕಿಲ್ಲ. ಪದಗಳ ಬಗ್ಗೆ ಚಿಂತೆ ಬೇಡ. ಪೂಲು, ಗಾಡಿ, ಛತ್ರಿ, ಭಾಜಿ ನಿಮ್ಮ ಮನೆಯಲ್ಲಿ ಯೋಚಿಸದೆ ಬಾಯಿಗೆ ಬರುತ್ತವೆ ಎಂದಾದರೆ ಅವು ಕನ್ನಡವೇ. ಎಚ್ಚರ ಬೇಕಾದದ್ದು ನುಡಿಗಟ್ಟಿನಲ್ಲಿ. ಹಿಂದಿ ಹಾಡಿನ ಹೃದಯ ಮುರಿಯುವುದು ಕನ್ನಡಕ್ಕೆ ಬಂದು ‘ಹೃದಯ ಒಡೆದು ಚೂರಾಯಿತು’ ಆಗುತ್ತದೆ. ನಿಮ್ಮ ಅವ್ವ ಹಾಗೆ ಅನ್ನುವುದಿಲ್ಲ. ಎದಿ ಝಲ್ ಅಂತು, ಕರುಳು ಚುರ್ ಅಂತು, ಜೀವಾ ಹಳಹಳಿಸ್ತು, ಹೊಟ್ಯಾಗ ಕಲಸಿದಂಗಾತು ಅನ್ನುತ್ತಾರೆ. ಇವುಗಳಲ್ಲಿ ಒಂದೊಂದೂ ದೇಹದ ಬೇರೆ ಬೇರೆ ಜಾಗದಲ್ಲಿ ನೋವನ್ನು ತೋರಿಸುತ್ತದೆ. ಇಂಥವನ್ನು ಒಂದು ಪುಟದಲ್ಲಿ ಪಟ್ಟಿ ಮಾಡುತ್ತ ಹೋಗಿ.

ಒಂದು ಶಿಸ್ತು ಬೇಕು. ಒಂದೇ ಕವಿತೆಯಲ್ಲಿ ‘ಎನ್ನ’, ‘ನನ್ನ’, ‘ಐತಿ’, ‘ಇಹುದು’ ಎಲ್ಲ ಕಲಸಬಾರದು. ಮಾತಾಡುತ್ತಿರುವವರು ಯಾರು ಎಂಬುದು ಆಗ ಕೆಟ್ಟುಹೋಗುತ್ತದೆ. ಇಂಡಿ ತಾಲೂಕಿನ ಹೆಂಗಸು ಮಾತಾಡುತ್ತಿದ್ದರೆ ಕೊನೆಯ ತನಕ ಅವಳೇ ಮಾತಾಡಲಿ. ಬರವಣಿಗೆಯಲ್ಲಿ ಕೇಳಿದ ಹಾಗೆ ಬರೆಯಿರಿ. ‘ತೊಳೀಬೇಕು’ ಎಂದು ಒಮ್ಮೆ ಬರೆದರೆ ಮುಂದೆಯೂ ಹಾಗೇ ಬರೆಯಿರಿ. ಮೂರು ತಿಂಗಳ ಮಟ್ಟಿಗೆ ಮನ, ಮೌನ, ಒಲವು, ಕನಸು, ಪಯಣ, ಭಾವ, ನೆನಪು, ಕಣ್ಣೀರು ಈ ಎಂಟು ಪದ ಮುಟ್ಟುವುದಿಲ್ಲ ಎಂದು ನಿಶ್ಚಯಿಸಿ. ಅವು ಕೆಟ್ಟ ಪದಗಳೆಂದಲ್ಲ, ಸವೆದ ನಾಣ್ಯಗಳು, ಮುದ್ರೆ ಕಾಣುವುದಿಲ್ಲ. ಅವು ಇಲ್ಲದಿದ್ದಾಗ ನೀವು ಅನಿವಾರ್ಯವಾಗಿ ಡಬ್ಬಿಯ ಹತ್ತಿರ ಹೋಗುತ್ತೀರಿ. ಜೊತೆಗೆ ‘ಒಂದು’ ಪದವನ್ನೂ ಕಾಯಿರಿ. ‘ಒಂದು ಮರ’, ‘ಒಂದು ಹಕ್ಕಿ’ ಎನ್ನುವುದು ಇಂಗ್ಲಿಷಿನ ಅಭ್ಯಾಸ. ಕನ್ನಡಕ್ಕೆ ‘ಮರ’ ಸಾಕು. ಒಂದೇ ಇದೆ ಎಂಬುದು ಮುಖ್ಯವಾದಾಗ ಮಾತ್ರ ‘ಒಂದು’ ಬರಲಿ.

ಛಂದಸ್ಸಿಲ್ಲದೆ ಬರೆಯುವಾಗ ಸಾಲು ಎಲ್ಲಿ ಮುರಿಯಬೇಕು ಎಂಬುದು ಎಲ್ಲ ಹೊಸಬರ ಗೊಂದಲ, ಮತ್ತು ಇಲ್ಲೇ ಗದ್ಯವನ್ನು ತುಂಡು ಮಾಡಿದ್ದಕ್ಕೂ ಕವಿತೆಗೂ ವ್ಯತ್ಯಾಸ ಹುಟ್ಟುವುದು. ಕನ್ನಡ ವಾಕ್ಯದ ಕ್ರಿಯಾಪದ ಕೊನೆಗೆ ಬರುತ್ತದೆ. ಪ್ರತಿ ವಾಕ್ಯಕ್ಕೆ ಒಂದು ಸಾಲು ಎಂದು ಬರೆದರೆ ಪ್ರತಿ ಸಾಲೂ ‘ತ್ತದೆ, ತ್ತದೆ, ತ್ತದೆ’ ಎಂದು ಒಂದೇ ಜಾಗದಲ್ಲಿ ಕುಸಿಯುತ್ತದೆ. ಅದೇ ಗುಣವನ್ನು ಬಲವಾಗಿಯೂ ಬಳಸಬಹುದು, ಏಕೆಂದರೆ ಕ್ರಿಯಾಪದ ಬರುವ ತನಕ ಓದುವವನ ಉಸಿರು ನಿಂತಿರುತ್ತದೆ.

ಶನಿವಾರವಾಡೆಯ ಮುಂದೆ
ನಿಂತ ರಿಕ್ಷಾದೊಳಗೆ
ಮೀಟರಿನ ಕೆಂಪು ಬೆಳಕಿನಲ್ಲಿ
ರೊಟ್ಟಿ ಬಿಚ್ಚುತ್ತಾನೆ

ಯಾರು, ಏನು ಮಾಡುತ್ತಾನೆ ಎಂಬುದು ನಾಲ್ಕನೆಯ ಸಾಲಿನ ತನಕ ಗೊತ್ತಾಗುವುದಿಲ್ಲ. ಶನಿವಾರವಾಡೆಯ ಕೋಟೆಯಿಂದ ರಿಕ್ಷಾಕ್ಕೆ, ರಿಕ್ಷಾದಿಂದ ಮೀಟರಿಗೆ, ಮೀಟರಿನಿಂದ ರೊಟ್ಟಿಗೆ ಕಣ್ಣು ಹತ್ತಿರ ಹತ್ತಿರ ಬರುತ್ತದೆ. ಇದನ್ನೇ ‘ರಿಕ್ಷಾದವನು ಶನಿವಾರವಾಡೆಯ ಮುಂದೆ ಮೀಟರ್ ಬೆಳಕಿನಲ್ಲಿ ರೊಟ್ಟಿ ಬಿಚ್ಚುತ್ತಾನೆ’ ಎಂದು ಒಂದೇ ಉಸಿರಿಗೆ ಬರೆದರೆ ವರದಿಯಾಗುತ್ತದೆ. ಪರೀಕ್ಷೆ ಸುಲಭ: ನಿಮ್ಮ ಕವಿತೆಯ ಸಾಲುಗಳನ್ನೆಲ್ಲ ಕೂಡಿಸಿ ಪ್ಯಾರಾ ಮಾಡಿ ಓದಿ. ಏನೂ ಕಳೆದುಹೋಗದಿದ್ದರೆ ಮುರಿದದ್ದು ವ್ಯರ್ಥ. ಡಬ್ಬಿಯ ಕವಿತೆಯಲ್ಲಿ ‘ತೊಳೀಬೇಕು’ ಒಂಟಿಯಾಗಿ ನಿಂತಿದೆ. ಅದನ್ನು ಮೊದಲ ಸಾಲಿಗೆ ಸೇರಿಸಿದರೆ ಅದು ಮನೆಗೆಲಸದ ಪಟ್ಟಿ. ಒಂಟಿ ನಿಂತಾಗ ಅದರ ಸುತ್ತಲಿನ ಖಾಲಿ ಜಾಗ ‘ಆದರೆ’ ಅನ್ನುತ್ತದೆ. ‘ಆದರೆ’ ಎಂದು ಬರೆಯುವ ಅಗತ್ಯವೇ ಬೀಳಲಿಲ್ಲ. ಸಾಲಿನ ಕೊನೆಯ ಪದದ ಮೇಲೆ ಹೆಚ್ಚು ಭಾರ ಬೀಳುತ್ತದೆ, ಅಲ್ಲಿ ‘ಮತ್ತು’, ‘ಎಂದು’, ‘ಎಂಬ’ ಇಟ್ಟರೆ ಆ ಭಾರ ನೆಲಕ್ಕೆ ಬೀಳುತ್ತದೆ.

ಅಭ್ಯಾಸಕ್ಕೆ ಪಿಂಪ್ರಿಯಿಂದ ಶಿವಾಜಿನಗರದ ಆಫೀಸಿಗೆ ನಿಮ್ಮ ಮೆಟ್ರೋ ಪ್ರಯಾಣ ಸಾಕು. ಇನ್ನೂರು ಪುಟದ ನೋಟ್‌ಬುಕ್ ಇಟ್ಟುಕೊಳ್ಳಿ. ಮೊಬೈಲ್ ಬೇಡ ಎನ್ನಲು ಎರಡು ಕಾರಣಗಳಿವೆ. ಕೀಬೋರ್ಡ್ ಮುಂದಿನ ಪದವನ್ನು ತಾನೇ ಸೂಚಿಸುತ್ತದೆ, ಸೂಚಿಸುವುದು ಎಲ್ಲರೂ ಹೆಚ್ಚಾಗಿ ಬಳಸುವ ಪದವನ್ನು. ‘ಕಣ್ಣೀರ’ ಎಂದು ಬರೆದರೆ ಮುಂದೆ ಏನು ಬಂದೀತು ಎಂದು ನೀವೇ ಊಹಿಸಬಹುದು. ಎರಡನೆಯದಾಗಿ, ಅಳಿಸಿದ್ದು ಪೂರ್ತಿ ಹೋಗಿಬಿಡುತ್ತದೆ. ಕಾಗದದ ಮೇಲೆ ಗೆರೆ ಎಳೆದ ಪದ ಕಣ್ಣಿಗೆ ಕಾಣುತ್ತಿರುತ್ತದೆ, ಎಷ್ಟೋ ಸಲ ಅದೇ ಸರಿಯಾಗಿರುತ್ತದೆ. ಮೊಬೈಲನ್ನೇ ಬಳಸುವುದಾದರೆ ಸೆಟ್ಟಿಂಗ್ಸ್‌ನಲ್ಲಿ ಪದಸೂಚನೆ ನಿಲ್ಲಿಸಿ.

ಮೊದಲ ಮೂರು ವಾರ ಕವಿತೆ ಬರೆಯಬೇಡಿ. ಹೋಗುವಾಗ ಮೂರು, ಬರುವಾಗ ಎರಡು, ದಿನಕ್ಕೆ ಐದು ಕಂಡ ಸಂಗತಿಗಳನ್ನು ಒಂದೊಂದು ವಾಕ್ಯದಲ್ಲಿ ಬರೆಯಿರಿ. ವಿಶೇಷಣ ಬೇಡ, ‘ಹಾಗೆ’, ‘ಅಂತೆ’ ಎಂಬ ಹೋಲಿಕೆ ಬೇಡ. ನಾಮಪದ, ಕ್ರಿಯಾಪದ, ಸಾಧ್ಯವಾದರೆ ಒಂದು ಸದ್ದು ಅಥವಾ ಒಂದು ಸಂಖ್ಯೆ. ‘ಖಡಕಿ ಸ್ಟೇಷನ್. ಬಾಗಿಲ ಹತ್ತಿರ ಮುದುಕ, ಎಕ್ಸ್‌ರೇಯನ್ನು ಕಿಟಕಿಯ ಬಿಸಿಲಿಗೆ ಹಿಡಿದು ನೋಡಿದ.’ ಇಷ್ಟೇ. ರೇಂಜ್ ಹಿಲ್ಸ್ ದಾಟಿ ರೈಲು ಸುರಂಗಕ್ಕೆ ಇಳಿದಾಗ ಕಿಟಕಿ ಕನ್ನಡಿಯಾಗುತ್ತದೆ,ಅಲ್ಲಿಯ ತನಕ ಹೊರಗೆ ನೋಡುತ್ತಿದ್ದವರೆಲ್ಲ ಒಮ್ಮೆಲೇ ತಮ್ಮ ಮುಖ ನೋಡುತ್ತಾರೆ. ದಿನಾ ನಡೆಯುವ ಇದು ನಿಮ್ಮ ನೋಟ್‌ಬುಕ್ಕಿನಲ್ಲಿ ಇನ್ನೂ ಬಂದಿಲ್ಲದಿದ್ದರೆ ನಾಳೆ ಬರಲಿ. ಮೂರು ವಾರಕ್ಕೆ ಆಫೀಸಿನ ದಿನ ಹದಿನೈದು ಹಿಡಿದರೂ ಎಪ್ಪತ್ತೈದು ವಾಕ್ಯ. ಅದರಲ್ಲಿ ನಾಲ್ಕೈದು ನಿಮ್ಮನ್ನು ಬಿಡುವುದಿಲ್ಲ. ಕವಿತೆ ಅವುಗಳಿಂದ ಶುರುವಾಗಲಿ, ಹತ್ತು ಸಾಲು ಮೀರದಿರಲಿ.

ಓದುವುದಕ್ಕೂ ಇಷ್ಟೇ ಶಿಸ್ತು. ವಾರಕ್ಕೆ ಒಂದೇ ಕವಿತೆ, ಆದರೆ ಕೈಯಿಂದ ನಕಲು ಮಾಡಿ. ಕಣ್ಣು ಹಾರಿಸಿ ಓದುವ ಸಾಲನ್ನು ಕೈ ಹಾರಿಸಲಾರದು. ಕವಿ ಎಲ್ಲಿ ಮುರಿದ, ಯಾವ ಪದ ಬಿಟ್ಟ ಎಂಬುದು ಆಗಲೇ ಗೊತ್ತಾಗುವುದು. ವಚನಗಳಿಂದ ಎರಡು, ಜನಪದ ತ್ರಿಪದಿಗಳಿಂದ ನಾಲ್ಕು, ಬೇಂದ್ರೆಯವರ ಕಾಲದ ನವೋದಯದವರಿಂದ ಮೂರು, ಅವರ ನಂತರದ ನವ್ಯದವರಿಂದ ಮೂರು ಎಂದು ಹಂಚಿಕೊಂಡರೆ ಹನ್ನೆರಡು ವಾರಕ್ಕೆ ಆಯಿತು. ‘ವಚನ ಸಂಚಯ’ ಜಾಲತಾಣದಲ್ಲಿ ಯಾವುದೇ ಪದ ಹುಡುಕಿದರೆ ಅದು ಬಂದಿರುವ ವಚನಗಳು ಸಿಗುತ್ತವೆ. ನಿಮ್ಮ ಕವಿತೆಯಲ್ಲಿ ಬಂದ ಪದವನ್ನು ಅಲ್ಲಿ ಹಾಕಿ ನೋಡುವುದು ಒಳ್ಳೆಯ ಅಭ್ಯಾಸ.

ತಿದ್ದುವ ವಿಧಾನ ಹೀಗೆ. ಎಡಪುಟದಲ್ಲಿ ಮೊದಲ ಕರಡು, ಬಲಪುಟ ಖಾಲಿ. ಏಳು ದಿನ ನೋಡಬೇಡಿ. ಎಂಟನೆಯ ದಿನ ಫೋನಿನಲ್ಲಿ ನಿಮ್ಮದೇ ದನಿಯಲ್ಲಿ ಓದಿ ರೆಕಾರ್ಡ್ ಮಾಡಿ, ಕಾಗದ ನೋಡದೆ ಕೇಳಿ. ನಾಲಿಗೆ ತೊಡರಿದ ಜಾಗ, ದನಿ ಸುಳ್ಳಾಗಿ ಏರಿದ ಜಾಗ, ನಿಮಗೇ ಬೇಸರ ಬಂದ ಜಾಗ, ಮೂರನ್ನೂ ಗುರುತು ಮಾಡಿ. ಆಮೇಲೆ ಮೊದಲ ಎರಡು ಸಾಲಿಗೆ ಕೈ ಅಡ್ಡ ಹಿಡಿದು ಓದಿ. ಹೊಸಬರ ಕವಿತೆ ಹೆಚ್ಚಾಗಿ ಮೂರನೆಯ ಸಾಲಿನಲ್ಲಿ ಶುರುವಾಗಿರುತ್ತದೆ, ಮೊದಲಿನವು ಗಂಟಲು ಸರಿಮಾಡಿಕೊಂಡದ್ದು. ಕೊನೆಯ ಎರಡು ಸಾಲನ್ನೂ ಹೀಗೇ ಮುಚ್ಚಿ ನೋಡಿ. ಅಲ್ಲಿ ‘ಇದೇ ಜೀವನ’, ‘ಇದೇ ತಾಯಿಪ್ರೀತಿ’ ಎಂಬ ಮಾತು ಕೂತಿದ್ದರೆ ತೆಗೆಯಿರಿ. ಡಬ್ಬಿಯ ಕವಿತೆಗೆ ‘ಅವ್ವನ ವಾಸನೆ ಅದರಾಗೈತಿ’ ಎಂದು ಆರನೆಯ ಸಾಲು ಸೇರಿಸುವ ಆಸೆ ಖಂಡಿತ ಬರುತ್ತದೆ. ಸೇರಿಸಿದ ಗಳಿಗೆಯಲ್ಲಿ ಓದುವವನಿಗೆ ಮಾಡಲು ಕೆಲಸ ಉಳಿಯುವುದಿಲ್ಲ.

ತೋರಿಸುವುದು ಇಬ್ಬರಿಗೆ: ಕವಿತೆ ಓದುವ ಒಬ್ಬರು, ಓದದ ಒಬ್ಬರು. ‘ಹೆಂಗೈತಿ?’ ಎಂದು ಕೇಳಿದರೆ ಚೆಂದ ಐತಿ ಎಂಬ ಉತ್ತರವೇ ಬರುವುದು. ಒಮ್ಮೆ ಓದಿ ಹೇಳಿ, ಕಾಗದ ತೆಗೆದಿಟ್ಟು, ‘ಯಾವ ಸಾಲು ನೆನಪಿದೆ? ಎಲ್ಲಿ ಗೊತ್ತಾಗಲಿಲ್ಲ?’ ಎಂದು ಕೇಳಿ. ಇಬ್ಬರಿಗೂ ಒಂದೇ ಸಾಲು ನೆನಪಿದ್ದರೆ ಉಳಿದ ಸಾಲುಗಳನ್ನು ಅದರ ಮಟ್ಟಕ್ಕೆ ತರಬೇಕು ಎಂದರ್ಥ. ಪುಣೆಯ ಕನ್ನಡ ಸಂಘದಂಥ ಕಡೆ ಕವಿಗೋಷ್ಠಿ ನಡೆದಾಗ ಮೊದಲು ಕೇಳುಗರಾಗಿ ಹೋಗಿ ಬನ್ನಿ. ಗೋಷ್ಠಿಯಲ್ಲಿ ಚಪ್ಪಾಳೆ ಬೀಳುವ ಸಾಲೂ ಕಾಗದದ ಮೇಲೆ ಉಳಿಯುವ ಸಾಲೂ ಒಂದೇ ಆಗಿರಬೇಕಿಲ್ಲ. ಚಪ್ಪಾಳೆಗಾಗಿ ಬರೆಯುವ ಚಟ ಶುರುವಿನಲ್ಲೇ ಹತ್ತಿದರೆ ಬಿಡಿಸುವುದು ಬಹಳ ಕಷ್ಟ.

ಪತ್ರಿಕೆಗೆ ಕಳಿಸುವ ಹೊತ್ತು ಬಂದಾಗ, ಹನ್ನೆರಡು ವಾರಕ್ಕಿಂತ ಮೊದಲಂತೂ ಬೇಡ, ಕೆಲವು ಸಣ್ಣ ಸಂಗತಿಗಳು. ಅಪ್ರಕಟಿತ ಕವಿತೆ ಎಂದರೆ ಕೆಲವು ಸಂಪಾದಕರಿಗೆ ಫೇಸ್‌ಬುಕ್ಕಿನಲ್ಲೂ ಹಾಕಿರದ ಕವಿತೆ. ಆದ್ದರಿಂದ ಕಳಿಸುವುದನ್ನು ಎಲ್ಲೂ ಹಂಚದೆ ಇಟ್ಟುಕೊಳ್ಳಿ. ಒಂದು ಕವಿತೆಯನ್ನು ಒಂದೇ ಕಡೆ ಕಳಿಸಿ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ಹಳೆಯ ನುಡಿ ಫಾಂಟಿನಲ್ಲಿ ಮಾಡಿದ್ದನ್ನು ಹಾಗೇ ಮೇಲ್‌ಗೆ ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ತಲುಪುತ್ತದೆ. ಪ್ರತಿ ಸಾಲಿನ ಕೊನೆಗೆ ನೀವೇ ಎಂಟರ್ ಒತ್ತಿ, ಚರಣಗಳ ನಡುವೆ ಒಂದು ಸಾಲು ಖಾಲಿ ಬಿಡಿ. ಮೊಬೈಲ್ ತೆರೆ ಉದ್ದದ ಸಾಲನ್ನು ತಾನೇ ಮುರಿದು ತೋರಿಸುತ್ತದೆ, ಅದನ್ನೇ ನಿಮ್ಮ ಸಾಲು ಎಂದು ಎಣಿಸಿಬಿಟ್ಟರೆ ಅಚ್ಚಾಗಿ ಬಂದಾಗ ಕವಿತೆಯ ಆಕಾರವೇ ಬೇರೆಯಾಗಿರುತ್ತದೆ. ಮೇಲ್‌ನ ಜೊತೆ ಪಿಡಿಎಫ್ ಪ್ರತಿಯನ್ನೂ ಇಟ್ಟರೆ ‘ತೊಳೀಬೇಕು’ ಒಂಟಿಯಾಗಿಯೇ ನಿಂತಿದೆ ಎಂದು ಅಚ್ಚು ಜೋಡಿಸುವವರಿಗೆ ಕಾಣುತ್ತದೆ.